ದೀಪದ ಮುಂದಿಟ್ಟ ಲಾಕ್ ನಟ್ ಕೀ

ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನಗೆ ಎರಡೇ ಕೆಲಸ. ಬೆಳಿಗ್ಗೆ ಹಾರಂಗಿ ಕಾಲುವೆಯ ಏರಿಯ ಮೇಲೆ ಒಂದು ಸುತ್ತು ನಡೆಯುವುದು, ಆಮೇಲೆ ನಮ್ಮೂರಿನ ಟೀ ಅಂಗಡಿಯಲ್ಲಿ ಕೂತು ಹುಡುಗರಿಗೆ ಬೈಯುವುದು. ಹೊಸದಾಗಿ ಲಾರಿ ಹತ್ತಿದವರು, ಪಿಕಪ್ ಕೊಂಡವರು ಅಲ್ಲಿಗೆ ಬಂದೇ ಬರುತ್ತಾರೆ. ಬೈಸಿಕೊಂಡು, ನನಗೆ ಟೀ ಕೊಡಿಸಿ, ಏನಾದರೊಂದು ಕೇಳುತ್ತಾರೆ. ಮೊನ್ನೆ ಒಬ್ಬ ಕೇಳಿದ, "ಪುಟ್ಟರಾಜಣ್ಣ, ಸಂತೆ ಬೀದೀಲಿ ಟೈರ್ ಕಳವು ಜಾಸ್ತಿ ಆಗೈತಂತೆ. ವೀಲಿಗೆ ಲಾಕ್ ನಟ್ ಹಾಕಿಸ್ಲಾ, ಬ್ಯಾಡ್ವಾ?"

"ಹಾಕ್ಸು. ಮೊದ್ಲು ಅದರ ಕೀ ಎಲ್ಲಿಡ್ತೀಯ ಹೇಳು" ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಆ ಕೀ ಎಲ್ಲಿಡಬೇಕು ಎನ್ನುವುದನ್ನು ಕಲಿಯುವಷ್ಟರಲ್ಲಿ ನನ್ನ ಮರ್ಯಾದೆ ಹೋಗುವುದರಲ್ಲಿತ್ತು. ಅದನ್ನು ಉಳಿಸಿದವರು ತಮ್ಮದನ್ನೇ ಬಿಟ್ಟುಕೊಟ್ಟರು. ಟೀ ಅಂಗಡಿಯಲ್ಲಿ ಅರ್ಧ ಹೇಳಿ ಅರ್ಧ ಬಿಡುವುದಕ್ಕಿಂತ ಕೂತು ಬರೆದುಬಿಡುವುದೇ ವಾಸಿ ಅನ್ನಿಸಿತು.

ನಮ್ಮ ತಾತನ ಕಾಲಕ್ಕೆ ನಮ್ಮವರು ಹಾಸನದ ಕಡೆಯಿಂದ ಕುಶಾಲನಗರದ ಬದಿಗೆ ಬಂದು ನೆಲೆಸಿದರು. ಮನೆಯಲ್ಲಿ ಎಲ್ಲರೂ ನೇಗಿಲು ಹಿಡಿದರೆ ನಾನೊಬ್ಬ ಲಾರಿಯ ಹಿಂದೆ ಬಿದ್ದೆ. ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ಡ್ರೈವರ್ ಆಗಿ ಸೇರಿದವನು ಅಲ್ಲಿಂದಲೇ ನಿವೃತ್ತಿಯಾದೆ. ಸಂಬಳ ಯಾವಾಗ ಏರಿತು, ಹೊಸ ಲಾರಿ ಯಾವಾಗ ಬಂತು ಎಂಬುದೆಲ್ಲ ಇಲ್ಲಿ ಬೇಡ. ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು?

ಕೆಲಸ ಎಂಥದ್ದು ಎಂದು ಕೇಳಿದರೆ ಹೇಳುತ್ತೇನೆ. ಕಾಫಿ ಹಣ್ಣಾಗುವ ಕಾಲಕ್ಕೆ ಹಣ್ಣು ಕೊಯ್ಯುವ ಪಿಕಿಂಗಿನವರನ್ನು ಕೂಲಿಯವರ ಲೈನ್ ಮನೆಗಳಿಂದ ಹತ್ತಿಸಿಕೊಂಡು ಎಸ್ಟೇಟಿನ ಮೂಲೆಗೆ ಬಿಡಬೇಕು. ಸಂಜೆ ಹಣ್ಣಿನ ಮೂಟೆ ತರಬೇಕು. ಮಳೆ ಬಿಟ್ಟ ಮೇಲೆ ಕುಶಾಲನಗರದಿಂದ ಗೊಬ್ಬರ ಹೇರಬೇಕು. ಮರ ಬಿದ್ದರೆ ಮರ, ಮದುವೆಯಾದರೆ ಪಾತ್ರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರನ್ನೂ ಹೊತ್ತುಕೊಂಡು ಓಡಬೇಕು. ಇದರ ನಡುವೆ ಎಸ್ಟೇಟ್ ರಸ್ತೆಯ ಕಲ್ಲಿಗೆ ಟೈರ್ ಕೊಟ್ಟು ಪಂಕ್ಚರ್ ಹಾಕಿಸಿಕೊಳ್ಳಬೇಕು. ನಾನು ಸೇರಿದಾಗ ಟ್ಯೂಬ್ ಟೈರು. ಚಕ್ರ ಬಿಚ್ಚಲು ವೀಲ್ ಪಾನಕ್ಕೆ, ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರಿಗೆ, ಉದ್ದನೆಯ ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿಯುತ್ತಿದ್ದೆವು. ಈಗ ಪಂಕ್ಚರ್ ಅಂಗಡಿಯವರು ಗಾಳಿ ಗನ್ ಹಿಡಿದು ಟರ್ರ್ ಅನ್ನಿಸಿದರೆ ನಟ್ಟು ಕೈಗೆ ಬರುತ್ತದೆ. ಒಳ್ಳೆಯದೇ. ಆದರೆ ಸುಲಭವಾಗಿ ಬಿಚ್ಚುವುದು ನಮಗೊಬ್ಬರಿಗೇ ಅಲ್ಲ, ಕಳ್ಳನಿಗೂ ಸುಲಭವೇ.

ನಮ್ಮ ಲಾರಿಯ ವಿಷಯದಲ್ಲಿ ಹಾಗೇ ಆಯಿತು. ಹಿಂದಿನ ಸ್ಪ್ರಿಂಗ್ ಪಟ್ಟಿ ಮುರಿದು ಲಾರಿಯನ್ನು ಅಮ್ಮತ್ತಿಯ ಒಂದು ಗ್ಯಾರೇಜಿನ ಬಯಲಲ್ಲಿ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ಎರಡು ಹೊರಗಿನ ಚಕ್ರಗಳೇ ಇಲ್ಲ! ಕಳ್ಳ ಎಷ್ಟು ನಾಜೂಕಿನವನೆಂದರೆ ಬಿಚ್ಚಿದ ನಟ್ಟುಗಳನ್ನೆಲ್ಲ ಒಂದು ಸಿಮೆಂಟು ಕಲ್ಲಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಎಸ್ಟೇಟಿನ ಯಜಮಾನಿಯ ಹೆಸರು ತಂಗಮ್ಮ. ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಕಾಫಿ, ಮೆಣಸು, ಗದ್ದೆ ಎಲ್ಲವನ್ನೂ ಅವರೇ ನಡೆಸಿದವರು. ಮಗ ಉತ್ತಯ್ಯ ದೊಡ್ಡವನಾಗಿ ಎಸ್ಟೇಟಿನ ಓಡಾಟ ವಹಿಸಿಕೊಂಡರೂ ಬೀಗದ ಕೈಗೊಂಚಲು ಮಾತ್ರ ಅಮ್ಮನ ಸೊಂಟದಲ್ಲೇ ಇತ್ತು. ಮೆಣಸಿನ ಸ್ಟೋರು, ಗೊಬ್ಬರದ ಗೋಡೌನು, ಅಕ್ಕಿಯ ಕೋಣೆ, ಕೋವಿಯ ಬೀರು, ಎಲ್ಲದರ ಕೀ ಅದರಲ್ಲಿ. ಅವರು ವರಾಂಡದಲ್ಲಿ ಬರುತ್ತಿದ್ದರೆ ಮೊದಲು ಗೊಂಚಲಿನ ಸದ್ದು, ಆಮೇಲೆ ಅಮ್ಮ. ಆ ಸದ್ದು ಕೇಳಿದರೆ ಕಟ್ಟೆಯ ಮೇಲೆ ಕೂತ, ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಎದ್ದು ನಿಲ್ಲುತ್ತಿದ್ದರು.

ಟೈರ್ ಹೋದ ಸುದ್ದಿ ಹೇಳಿದಾಗ ಅಮ್ಮ, "ಹೋಗ್ಲಿ ಬಿಡು ಮಾರಾಯ, ನಿನ್ನನ್ನು ಹೊತ್ಕೊಂಡು ಹೋಗ್ಲಿಲ್ವಲ್ಲ" ಅಂದರು. ಉತ್ತಯ್ಯ ಪೊಲೀಸರಿಗೆ ದೂರು ಕೊಟ್ಟು ಬಂದು, ಜೀಪಿನಿಂದ ಇಳಿಯದೆಯೇ ಒಂದು ಮಾತು ಕೇಳಿದರು.

"ಲಾರಿ ಅಲ್ಲಿ ನಿಲ್ಲಿಸಿದ್ದು ಯಾರ್ಯಾರಿಗೆ ಗೊತ್ತಿತ್ತು ಪುಟ್ಟರಾಜು?"

ಬೇರೇನೂ ಕೇಳಲಿಲ್ಲ. ಆದರೂ ಅನುಮಾನ ಯಾರ ಮೇಲೆ ಎಂದು ನನಗೆ ತಿಳಿಯಿತು. ಉತ್ತಯ್ಯ ಕೆಟ್ಟವರಲ್ಲ, ಅವಸರದವರು. ಏನಾದರೂ ತಪ್ಪಿದರೆ ಅದಕ್ಕೆ ಒಬ್ಬ ಮನುಷ್ಯ ಸಿಗುವ ತನಕ ಅವರಿಗೆ ಸಮಾಧಾನ ಇರುತ್ತಿರಲಿಲ್ಲ.

ಹೊಸ ಚಕ್ರದ ಜೊತೆ ಲಾಕ್ ನಟ್ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರತಿ ಚಕ್ರದಲ್ಲೂ ಒಂದು ನಟ್ಟನ್ನು ಮಾತ್ರ ತೆಗೆದು ಆ ಜಾಗಕ್ಕೆ ಇದನ್ನು ಕೂರಿಸುತ್ತಾರೆ. ಇದರ ತಲೆಯಲ್ಲಿ ಅಡ್ಡಾದಿಡ್ಡಿ ಗೀರು ಇರುತ್ತದೆ, ಯಾವ ಪಾನವೂ ಹಿಡಿಯುವುದಿಲ್ಲ. ಇದರ ಕೀ ಎಂದರೆ ಬಾಗಿಲಿನ ಕೀಯ ಹಾಗಲ್ಲ. ಹೆಬ್ಬೆರಳಿಗಿಂತ ತುಸು ದಪ್ಪನೆಯ, ಗಿಡ್ಡ ಉಕ್ಕಿನ ತುಂಡು. ಒಂದು ತುದಿಯ ಹಲ್ಲು ನಟ್ಟಿನ ಗೀರಿಗೆ ಕೂರುತ್ತದೆ, ಇನ್ನೊಂದು ತುದಿಗೆ ವೀಲ್ ಪಾನ ಹಾಕಿ ತಿರುಗಿಸಬೇಕು. ಆ ತುಂಡಿಲ್ಲದಿದ್ದರೆ ಕಳ್ಳನೂ ಚಕ್ರ ಬಿಚ್ಚಲಾರ, ನೀವೂ ಬಿಚ್ಚಲಾರಿರಿ.

ನಟ್ಟು ಕೂರಿಸಿದವನು ಅಮ್ಮತ್ತಿಯ ಪಂಕ್ಚರ್ ಅಂಗಡಿಯ ಮೊಯ್ದು ಕಾಕ. ಆ ಸೀಮೆಯಲ್ಲಿ ಅವನು ಕೈ ಹಾಕದ ಚಕ್ರವಿಲ್ಲ. ಡಬ್ಬಿಯಲ್ಲಿ ಎರಡು ಕೀ ಇದ್ದವು, ಜೊತೆಗೊಂದು ನಂಬರ್ ಚೀಟಿ. ಕಾಕ ಹೇಳಿದ, "ಒಂದು ಲಾರಿಯಲ್ಲಿ ಇಡಿ, ಒಂದು ಮನೆಯಲ್ಲಿ ಇಡಿ. ಚೀಟಿ ಬಿಸಾಡ್ಬೇಡಿ ಮಾರಾಯ್ರೆ. ಕೀ ಹೋದ್ರೆ ಆ ನಂಬರ್ ಹೇಳಿದ್ರೆ ಮಾತ್ರ ಇನ್ನೊಂದು ಬರೂದು." ನಾನು ಕೀಗಳನ್ನು ತೆಗೆದಿಟ್ಟುಕೊಂಡು, ಚೀಟಿ ಇದ್ದ ಡಬ್ಬಿಯನ್ನು ಜೋಪಾನವಾಗಿ ಆಫೀಸಿಗೆ ಕೊಟ್ಟೆ. ಖಾಲಿ ಡಬ್ಬಿ ಎಂದು ಯಾರೋ ಅದನ್ನು ಚೀಟಿಯ ಸಮೇತ ಬಚ್ಚಲ ಒಲೆಗೆ ಹಾಕಿದರು.

ಎರಡು ಕೀಯಲ್ಲಿ ಒಂದು ಹೋದದ್ದು ಗಾಳಿ ಗನ್ನಿಗೆ. ಚೆಟ್ಟಳ್ಳಿ ದಾರಿಯಲ್ಲಿ ಪಂಕ್ಚರ್ ಆಗಿ ಗುರುತಿಲ್ಲದ ಅಂಗಡಿಗೆ ಹೋಗಿದ್ದೆ. ಕೀ ಕೊಟ್ಟು, "ಇದಕ್ಕೆ ಗನ್ ಹಾಕ್ಬೇಡಪ್ಪ, ಕೈಯಲ್ಲೇ ಬಿಚ್ಚು" ಅಂದೆ. ಅವನ ಒಂದು ಕಿವಿಯಲ್ಲಿ ಫೋನು. ಹೂಂ ಅಂದವನು ಗನ್ನನ್ನೇ ಒತ್ತಿದ. ಟಣ್ ಎಂದು ಹಲ್ಲು ಮುರಿದು ಹಾರಿ ಪಕ್ಕದ ತಗಡಿಗೆ ಬಡಿಯಿತು. ಯಾರ ಕಣ್ಣಿಗಾದರೂ ಬಿದ್ದಿದ್ದರೆ ಗತಿಯೇನು? ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಫೋನಿನಲ್ಲಿದ್ದವರಿಗೆ, "ಒಂದ್ನಿಮಿಷ, ಇಲ್ಲೊಬ್ರು ಬೈತಾವ್ರೆ" ಅಂದ. ಅಂಥವನಿಗೆ ಇನ್ನೇನು ಹೇಳುವುದು!

ಉಳಿದ ಒಂದೇ ಒಂದು ಕೀಯನ್ನು ಉತ್ತಯ್ಯ ಲಾರಿಯಲ್ಲಿ ಇಡಲು ಒಪ್ಪಲಿಲ್ಲ. "ಕೀ ಅಂದ್ಮೇಲೆ ಅವ್ವನ ಹತ್ರ ಇರ್ಲಿ. ಬೇಕಾದಾಗ ಕೇಳಿ ತಗೋ, ಸಂಜೆ ವಾಪಸ್ ಕೊಡು" ಅಂದರು. ಎಸ್ಟೇಟುಗಳಲ್ಲಿ ಇದು ಹಳೆಯ ಪದ್ಧತಿ. ಬೀಗದ್ದೋ ಯಂತ್ರದ್ದೋ, ಹೊತ್ತು ಮುಳುಗುವ ಮೊದಲು ಎಲ್ಲ ಕೀಯೂ ದೊಡ್ಡ ಮನೆ ಸೇರಬೇಕು. ಸ್ಟೋರಿನ ಕೀಗೆ ಅದು ಸರಿ, ಏಕೆಂದರೆ ಸ್ಟೋರು ನಿಂತಲ್ಲೇ ನಿಂತಿರುತ್ತದೆ. ಲಾರಿ ಓಡುತ್ತದಲ್ಲ! ಹೇಳಿ ನೋಡಿದೆ, ಉತ್ತಯ್ಯ ಜೀಪು ಸ್ಟಾರ್ಟ್ ಮಾಡಿಯಾಗಿತ್ತು. ದೂರ ಹೊರಡುವಾಗಲೆಲ್ಲ ಅಮ್ಮನನ್ನು ಕೇಳಿ ಕೀ ತೆಗೆದುಕೊಂಡು ಹೋಗಿ, ಬಂದು ಒಪ್ಪಿಸುವುದು ಅಭ್ಯಾಸವಾಯಿತು.

ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು. ಗದ್ದೆಯ ನಾಟಿ ಮುಗಿದ ಮೇಲೆ ಕೊಡಗಿನ ಮನೆಗಳಲ್ಲಿ ಆಯುಧಗಳಿಗೆ ಪೂಜೆ. ಕೋವಿ, ಕತ್ತಿ, ಗುದ್ದಲಿ, ಎಲ್ಲವನ್ನೂ ತೊಳೆದು ಒರೆಸಿ ಹಿರಿಯರ ದೀಪ ಉರಿಯುವ ಕೋಣೆಯಲ್ಲಿ ಇಡುತ್ತಾರೆ. ಕೋವಿಯ ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿಯ ಹೂ ಸಿಕ್ಕಿಸುತ್ತಾರೆ. ನಮ್ಮ ಅಮ್ಮನ ಲೆಕ್ಕದಲ್ಲಿ ಲಾರಿಯ ಸಾಮಾನೂ ಆಯುಧವೇ. ಹಿಂದಿನ ದಿನವೇ ನನ್ನಿಂದ ಜಾಕಿ, ವೀಲ್ ಪಾನ, ಟೈರ್ ಲಿವರ್ ತರಿಸಿಕೊಂಡರು. ಲಾಕ್ ನಟ್ಟಿನ ಕೀಯನ್ನು ತಾವೇ ತೊಳೆದರು.

"ಇಷ್ಟು ಚಿಕ್ಕದಾದ್ರೂ ಇದಿಲ್ಲದೆ ಲಾರಿ ಹೋಗುದಿಲ್ಲ ಅಲ್ವಾ ಪುಟ್ಟರಾಜು?" ಅಂದರು.

"ಹೋಯ್ತದೆ ಅಮ್ಮಾ, ಪಂಕ್ಚರ್ ಆಗೋಗಂಟ."

ಅಮ್ಮ ನಕ್ಕು ಅದಕ್ಕೂ ಒಂದು ಗಂಧದ ಬೊಟ್ಟು ಇಟ್ಟರು. ಬಾಗಿಲಲ್ಲಿ ನಿಂತು ನೋಡಿದೆ. ಹಿಂದೆ ಕೋವಿಗಳು, ಮುಂದೆ ನನ್ನ ಜಾಕಿ. ದೀಪದ ಎದುರಿನ ಹಿತ್ತಾಳೆ ತಟ್ಟೆಯಲ್ಲಿ ಕೋವಿಯ ಕಾಡತೂಸುಗಳು, ಅವುಗಳ ಪಕ್ಕದಲ್ಲೇ ಹೂವಿನ ಎಸಳು ಹೊತ್ತ ಲಾಕ್ ನಟ್ ಕೀ. ನಮ್ಮ ಕೆಲಸದ ಸಾಮಾನಿಗೂ ಅಲ್ಲಿ ಒಂದು ಜಾಗ ಸಿಕ್ಕಿತಲ್ಲ ಎಂದು ನಿಜವಾಗಿ ಹಿಗ್ಗಿದೆ.

ಪೂಜೆಯ ಮರುದಿನ ಜಾಕಿ, ಪಾನ, ಲಿವರ್ ನನಗೆ ವಾಪಸ್ ಬಂದವು. ಕೀ ಅಮ್ಮನ ಬಳಿ ಇರುವಂಥದ್ದು, ಹಾಗಾಗಿ ನನಗೆ ಬರಲಿಲ್ಲ. ಮುಂದಿನ ವಾರವಿಡೀ ಎಸ್ಟೇಟಿನ ಒಳಗೇ ಸೌದೆ ಹೊಡೆಯುವ ಕೆಲಸ, ಕೀಯ ಮಾತೇ ಬರಲಿಲ್ಲ. ಆಮೇಲೊಂದು ದಿನ ಬೆಳಿಗ್ಗೆ ಗೊಬ್ಬರಕ್ಕೆ ಕುಶಾಲನಗರಕ್ಕೆ ಹೊರಡಬೇಕಾಯಿತು. ಕೀ ಕೇಳಲು ಹೋದೆ. ಅಮ್ಮ ಸ್ನಾನಕ್ಕೆ ಹೋಗಿದ್ದರು. ಕಾಯುತ್ತ ನಿಂತರೆ ಉತ್ತಯ್ಯ, "ಒಂದಿನಕ್ಕೆ ಏನಾಗ್ತದೆ? ಮಳೆ ಬರೋದ್ರೊಳಗೆ ಹೋಗಿ ಬಾ" ಎಂದು ಹೊರಡಿಸಿದರು.

ಬರುವಾಗ, ಲಾರಿಯ ತುಂಬ ಗೊಬ್ಬರ, ಚೆಟ್ಟಳ್ಳಿ ದಾಟಿದ ಮೇಲೆ ಮುಂದಿನ ಎಡ ಚಕ್ರ ಕೂತಿತು. ಎರಡೂ ಬದಿ ಕಾಫಿ, ನಡುವೆ ಕಿರಿದಾದ ರಸ್ತೆ, ಎದುರಿನಿಂದ ಬಸ್ಸು. ನಾನು ಫೋನ್ ಮಾಡಿ, "ಉತ್ತಯ್ಯಣ್ಣ, ಜೀಪಲ್ಲಿ ಕೀ ಕಳ್ಸಿ" ಅಂದೆ. ಅವರು ಒಳಗೆ ಹೋಗಿ ಅಮ್ಮನನ್ನು ಕೇಳಿ ಬಂದರು. ಆಮೇಲೆ, "ಅವ್ವನ ಹತ್ರ ಇಲ್ವಂತೆ. ನಿನ್ನ ಹತ್ರ ಇಲ್ವಾ?" ಅಂದರು.

"ನನ್ತಾವ ಇಲ್ಲ. ದೀಪದ ಮುಂದೆ ಇಟ್ಟಿದ್ರಲ್ಲ ಅಮ್ಮ."

ಮನೆಯಲ್ಲಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ಅಮ್ಮತ್ತಿಯಿಂದ ಮೊಯ್ದು ಕಾಕನೇ ಆಟೋ ಹತ್ತಿ ಬಂದ. ನಟ್ಟು ನೋಡಿ, "ಕಳ್ಳನಿಗೆ ಅಂತ ಹಾಕಿದ್ದು, ಈಗ ನಾನೇ ಕಳ್ಳನ ಕೆಲಸ ಮಾಡ್ಬೇಕಲ್ಲ ಪಡಚ್ಚೋನೇ" ಎಂದು ದೇವರನ್ನು ಕರೆದು ಗೊಣಗಿದ. ಒಂದು ಹಳೆಯ ಬಾಕ್ಸ್ ಪಾನವನ್ನು ಸುತ್ತಿಗೆಯಿಂದ ನಟ್ಟಿನ ಮೇಲೆ ಬಡಿದು ಬಡಿದು ಕೂರಿಸಿ, ಪೈಪ್ ಹಾಕಿ ಇಬ್ಬರೂ ನೇತಾಡಿದೆವು. ನಟ್ಟಿನ ಜೊತೆ ಒಳಗಿನ ಬೋಲ್ಟೂ ಮುರಿದೇ ಬಂತು. ಸ್ಟೆಪ್ನಿ ಹಾಕಿಕೊಂಡು ತೆವಳುತ್ತ ಎಸ್ಟೇಟು ಮುಟ್ಟಿದಾಗ ಸಂಜೆಯಾಗಿತ್ತು. ಗೊಬ್ಬರದ ಮೇಲಿನ ಸಾಲೆಲ್ಲ ಮಳೆಗೆ ಕರಗಿತ್ತು.

ವರಾಂಡದಲ್ಲಿ ಉತ್ತಯ್ಯ ನಿಂತಿದ್ದರು. ಅಮ್ಮ ಬೆತ್ತದ ಕುರ್ಚಿಯಲ್ಲಿ. ಸೊಸೆ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದರು. ರೈಟರೂ ಅಲ್ಲೇ ಇದ್ದರು.

"ಇಡೀ ಮನೆ ಹುಡುಕಿ ಆಯ್ತು" ಅಂದರು ಉತ್ತಯ್ಯ. "ಪೂಜೆ ಆದ್ಮೇಲೆ ಕೋವಿ ನಾನೇ ಎತ್ತಿಟ್ಟದ್ದು. ಅಲ್ಲಿ ಯಾವ ಕೀಯೂ ಇರ್ಲಿಲ್ಲ. ಮೊದ್ಲು ಎರಡು ಚಕ್ರ ಹೋಯ್ತು, ಈಗ ಕೀ ಹೋಗಿದೆ. ಕೀ ಸಿಕ್ಕವನಿಗೆ ಉಳಿದ ಚಕ್ರವೂ ಸಿಕ್ಕಿದ ಹಾಗೆ."

"ಅಂದ್ರೆ ಏನ್ ಅಣ್ಣ ನೀವು ಹೇಳೋದು? ನಾನು ಕದ್ದೆ ಅಂತಲಾ?" ಎಂದು ಕೇಳಿಯೇಬಿಟ್ಟೆ.

ಉತ್ತಯ್ಯ ತಾಯಿಯ ಕಡೆ ತಿರುಗಿದರು. "ಒಂದಾ ನೀವು ಕೀ ಇವನಿಗೆ ಕೊಟ್ಟಿರ್ಬೇಕು. ಇಲ್ಲಾ ಎಲ್ಲೋ ಇಟ್ಟು ಮರೆತಿರ್ಬೇಕು. ಎರಡರಲ್ಲಿ ಯಾವುದು ಅವ್ವ?"

ಆ ಪ್ರಶ್ನೆಯ ಭಾರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಮ್ಮನಿಗೆ ಮರೆವು ಶುರುವಾಗಿತ್ತು. ಒಮ್ಮೆ ಮೆಣಸಿನ ಸ್ಟೋರಿಗೆ ಬೀಗ ಹಾಕದೆ ಮಲಗಿದ್ದರು. ನನ್ನನ್ನೇ ಹಿಂದಿನ ಡ್ರೈವರನ ಹೆಸರು ಹಿಡಿದು ಕರೆದದ್ದುಂಟು. ಇನ್ನೊಂದು ಸಲ ಹೀಗಾದರೆ ಗೊಂಚಲು ಸೊಸೆಯ ಕೈಗೆ ಹೋಗಬೇಕು ಎಂದು ಉತ್ತಯ್ಯ ಎಲ್ಲರ ಎದುರೇ ಹೇಳಿದ್ದರು. ಈಗ ಅಮ್ಮ, "ಪುಟ್ಟರಾಜುಗೆ ಕೊಟ್ಟೆ" ಎಂದು ಒಂದು ಮಾತು ಅಂದರೆ ಅವರ ಗೊಂಚಲು ಉಳಿಯುತ್ತದೆ, ನಾನು ಕಳ್ಳನಾಗಿ ಮನೆಗೆ ಹೋಗುತ್ತೇನೆ. ಅಂದುಬಿಡುತ್ತಾರೇನೋ ಎಂದು ನಾನು ಹೆದರಿದ್ದು ಸುಳ್ಳಲ್ಲ.

ಅಮ್ಮ ನನ್ನ ಮುಖವನ್ನೇ ನೋಡಿದರು.

"ಇವನಿಗೆ ಕೊಡ್ಲಿಲ್ಲ" ಅಂದರು.

"ಸರಿಯಾಗಿ ನೆನಪುಂಟಾ?"

"ಇಲ್ಲ ಕುಂಞಿ" ಅಂದರು ಅಮ್ಮ. ಮಗ ಎಷ್ಟು ದೊಡ್ಡವನಾದರೂ ಕುಂಞಿ, ಅಂದರೆ ಮಗು ಎಂದೇ ಕರೆಯುತ್ತಿದ್ದರು. "ದೀಪದ ಮುಂದೆ ಇಟ್ಟದ್ದು ನೆನಪುಂಟು. ಆಮೇಲೆ ಎಂತ ಆಯ್ತು ನೆನಪಿಲ್ಲ. ನನಗೆ ಮರೆವು ಬಂದಿದೆ. ಆದ್ರೆ ಪುಟ್ಟರಾಜು ಎಂಥವನು ಅಂತ ಮರ್ತಿಲ್ಲ. ನನ್ನ ಮರೆವಿಗೆ ಅವನ ಹೆಸರು ಹಾಳಾಗೋದು ಬೇಡ."

ಹೀಗೆಂದು ಸೊಂಟದಿಂದ ಗೊಂಚಲು ಬಿಚ್ಚಿದರು. ಕೊಂಡಿ ಬಿಗಿಯಾಗಿತ್ತು, ಬೇಗ ಬರಲಿಲ್ಲ. ಸೊಸೆ, "ಅವ್ವ, ಬೇಡ" ಎಂದು ಮುಂದೆ ಬಂದರು. ಅಮ್ಮ ಕೇಳದೆ ಅದನ್ನು ಅವರ ಕೈಯಲ್ಲಿ ಇಟ್ಟು ಒಳಗೆ ಹೋದರು. ಅವರು ವರಾಂಡದಲ್ಲಿ ನಡೆದು ಹೋದದ್ದು ಅವತ್ತು ಯಾರಿಗೂ ಕೇಳಿಸಲಿಲ್ಲ.

ನನ್ನ ಹೆಸರು ಉಳಿಯಿತು ಎಂದು ಸಂತೋಷಪಡಬೇಕೋ, ಅದಕ್ಕಾಗಿ ಅವರು ತೆತ್ತದ್ದನ್ನು ನೋಡಿ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ಸಾಕು ಬುಡಿ ಅತ್ಲಾಗೆ. ಶುಂಠಿ ಮಂಡಿಯೋರು ಡ್ರೈವರ್ ಬೇಕು ಅಂತವ್ರೆ. ಮರ್ವಾದೆ ಇಲ್ದಿರೋ ಕಡೆ ಯಾಕಿರ್ಬೇಕು?" ಎಂದು ಸಿಟ್ಟಾದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನಾನು ಬಿಟ್ಟು ಹೋದರೆ ಏನಾಗುತ್ತದೆ? ನೋಡಿದ್ರಾ, ಕದ್ದವನು ಓಡಿಹೋದ ಎನ್ನುತ್ತಾರೆ. ಅಮ್ಮ ಸುಮ್ಮನೆ ಒಬ್ಬ ಕಳ್ಳನ ಪರ ವಹಿಸಿಕೊಂಡು ಗೊಂಚಲು ಕಳೆದುಕೊಂಡರು ಎಂದಾಗುತ್ತದೆ. ಕೀ ಸಿಗುವ ತನಕ ಅಲ್ಲಾಡುವುದಿಲ್ಲ ಅಂದೆ. ಅವಳು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತಾನೇ ಬುತ್ತಿ ಕಟ್ಟಿಕೊಟ್ಟಳು.

ಹಳೆಯ ಲಾಕ್ ನಟ್ಟುಗಳನ್ನೆಲ್ಲ ಮೊಯ್ದು ಕಾಕ ಒಂದೊಂದಾಗಿ ಒಡೆದು ತೆಗೆದ. ಉತ್ತಯ್ಯ ಹೊಸ ಸೆಟ್ ತರಿಸಿದರು. ಅದರ ಎರಡೂ ಕೀ ಈ ಸಲ ಎಲ್ಲಿಟ್ಟರು ಅಂತೀರಿ? ತಮ್ಮ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ! ಲಾರಿ ಕುಶಾಲನಗರದಲ್ಲಿ ಇದ್ದರೆ ಕೀ ಮಡಿಕೇರಿಯಲ್ಲಿ. ಒಂದು ಸಲ ಪಂಕ್ಚರ್ ಆಗಿ ಅರ್ಧ ದಿನ ರಸ್ತೆ ಬದಿ ಕೂತೆ. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಗಿತ್ತು.

ಅಮ್ಮನನ್ನು ನೋಡುವುದೇ ಕಷ್ಟವಾಯಿತು. ಮಾತಾಡುತ್ತ ಕೈ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಸಿಗದೆ ಸೆರಗು ಸರಿಮಾಡಿಕೊಂಡು ಕೆಳಗೆ ಬರುತ್ತಿತ್ತು. ಸೊಸೆ ಒಳ್ಳೆಯ ಹೆಣ್ಣುಮಗಳು. ಅತ್ತೆ ಕೀ ಕೇಳುವಂತಾಗಬಾರದೆಂದು ಅಕ್ಕಿಯ ಕೋಣೆಗೆ, ಸ್ಟೋರಿಗೆ ಬೀಗವನ್ನೇ ಹಾಕದೆ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಇಡುತ್ತಿದ್ದರು. ಅಮ್ಮನಿಗೆ ಅದು ತಿಳಿಯದೆ ಇರುತ್ತದೆಯೇ? ಬೀಗವಿಲ್ಲದ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಒಳಗೆ ಹೋಗದೆ ತಿರುಗಿ ಬರುತ್ತಿದ್ದರು. ರೈಟರು ಈಗ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಅಗೌರವದಿಂದಲ್ಲ ಪಾಪ, ಅಮ್ಮ ಬಂದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಹೀಗೆ ಹೊಸ ಬೆಳೆಯ ಹಬ್ಬ ಹುತ್ತರಿ ಬಂತು. ರಾತ್ರಿ ಗದ್ದೆಗೆ ಹೋಗಿ ಹೊಸ ಕದಿರು ಕೊಯ್ಯುವಾಗ ಕೋವಿಯಿಂದ ಒಂದು ಗುಂಡು ಹಾರಿಸಬೇಕು. ಹಾಗಾಗಿ ಮಧ್ಯಾಹ್ನವೇ ಕೋವಿಯ ಬೀರು ತೆರೆದರು. ಕೈಲ್ ಮುಹೂರ್ತದ ಮೇಲೆ ಅದನ್ನು ತೆರೆದದ್ದು ಅದೇ ಮೊದಲು. ನೆಂಟರೆಲ್ಲ ಸೇರಿದ್ದರು. ನಾನು ಲಾರಿಯಲ್ಲಿ ಬೆಂಚುಗಳನ್ನು ತಂದು ಇಳಿಸುತ್ತಿದ್ದೆ. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಮಾವಿನ ಎಲೆಯ ದಂಟು ಮುರಿಯುತ್ತಿದ್ದರು. ಉತ್ತಯ್ಯ ವರಾಂಡದ ಚಾಪೆಯ ಮೇಲೆ ಕೋವಿ ಒರೆಸಿಟ್ಟು, ಕಾಡತೂಸಿನ ಚರ್ಮದ ಚೀಲವನ್ನು ತಲೆಕೆಳಗು ಮಾಡಿ ಸುರಿದರು.

ಕಾಡತೂಸುಗಳು ಚಾಪೆಯ ಮೇಲೆ ಉರುಳಿದವು. ಕೊನೆಗೆ ಒಂದು ಉರುಳದೆ ಠಕ್ ಎಂದು ಬಿತ್ತು.

ಹೆಚ್ಚುಕಡಿಮೆ ಅದೇ ಉದ್ದ, ಅದೇ ದಪ್ಪ. ಬಣ್ಣ ಮಾತ್ರ ಬೇರೆ. ಒಂದು ಬದಿಗೆ ಒಣಗಿದ ಗಂಧ, ಅದಕ್ಕೆ ಅಂಟಿದ ಒಂದು ಕಪ್ಪಾದ ಎಸಳು.

ನನ್ನ ಕೈಯಲ್ಲಿದ್ದ ಬೆಂಚು ಹಾಗೇ ನಿಂತಿತು. ಉತ್ತಯ್ಯ ಕೀಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಪೂಜೆಯ ದಿನ ದೀಪದ ಮುಂದಿನ ತಟ್ಟೆಯನ್ನು ಎತ್ತಿ ಆ ಚೀಲಕ್ಕೆ ಸುರಿದವರು ಅವರೇ. ಅವಸರದಲ್ಲಿ ಕಾಡತೂಸುಗಳ ಜೊತೆ ಕೀಯೂ ಒಳಗೆ ಹೋಗಿತ್ತು, ಅದರ ಮೇಲೆ ಬೀರುವಿನ ಬೀಗ ಬಿದ್ದಿತ್ತು.

"ಅವ್ವ" ಅಂದರು. ಗಂಟಲು ಸರಿಮಾಡಿಕೊಂಡು ಎಲ್ಲ ನೆಂಟರೂ ಕೇಳುವ ಹಾಗೆ ಹೇಳಿದರು, "ನೀವು ಮರ್ತದ್ದಲ್ಲ. ಇದನ್ನು ಚೀಲಕ್ಕೆ ಹಾಕಿದ್ದು ನಾನು."

ಎದ್ದು ಒಳಗೆ ಹೋದರು. ಹೆಂಡತಿಯ ಬಳಿಯಿಂದ ಗೊಂಚಲು ತಂದು, ಅಮ್ಮನ ಕುರ್ಚಿಯ ಮುಂದೆ ಮಂಡಿಯೂರಿ, ಅವರ ಮಡಿಲಲ್ಲಿ ಇಟ್ಟರು. ಲಾಕ್ ನಟ್ ಕೀಯನ್ನೂ ಅದರ ಪಕ್ಕದಲ್ಲಿಟ್ಟರು. ತಲೆ ಎತ್ತಲಿಲ್ಲ. ಅಮ್ಮ ಅವರ ತಲೆಯ ಮೇಲೆ ಕೈ ಇಟ್ಟು, "ಏಳು ಕುಂಞಿ, ಹಬ್ಬದ ದಿನ" ಅಂದರು. ಉತ್ತಯ್ಯನ ಮೇಲೆ ನನಗಿದ್ದ ಸಿಟ್ಟು ಅಷ್ಟೂ ಅಲ್ಲೇ ಇಳಿದುಹೋಯಿತು. ಅಷ್ಟು ಜನರ ಮುಂದೆ ಹಾಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆಮೇಲೆ ಅವರು ಲಾರಿಯ ಹತ್ತಿರ ಬಂದು, "ಪುಟ್ಟರಾಜಣ್ಣ..." ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಅಣ್ಣ ಎಂದದ್ದು ಅದೇ ಮೊದಲು. ನಾನು ಬೆಂಚಿನ ಇನ್ನೊಂದು ತುದಿ ತೋರಿಸಿ, "ಹಿಡೀರಿ ಅಣ್ಣ, ಒಬ್ನಿಗೇ ಆಗ್ತಿಲ್ಲ" ಅಂದೆ. ಹಿಡಿದರು.

ಬೆಂಚು ಇಳಿಸಿದ ಮೇಲೆ ಅಮ್ಮ ನನ್ನನ್ನು ಕರೆದು ಜೀಪಿನಿಂದ ಹೊಸ ಕೀಗಳನ್ನು ತರಿಸಿದರು. ಒಂದನ್ನು ನನ್ನ ಕೈಗೆ ಕೊಟ್ಟು, "ಇದು ಮನೆಯ ಕೀ ಅಲ್ಲ, ಲಾರಿಯ ಸಾಮಾನು. ಲಾರಿಯಲ್ಲೇ ಇರ್ಲಿ. ಪೂಜೆಯ ದಿನ ಮಾತ್ರ ತಂದು ಕೊಡು, ಸಂಜೆ ನೀನೇ ಬಂದು ಕೇಳಿ ತಗೊಂಡು ಹೋಗು" ಅಂದರು. ಅವತ್ತಿನಿಂದ ನಾನು ಲಾರಿ ಬಿಡುವ ತನಕ ಆ ಕೀ ಡ್ರೈವರ್ ಸೀಟಿನ ಕೆಳಗೆ, ವೀಲ್ ಪಾನದ ಚೀಲದಲ್ಲಿ, ಪಾನಕ್ಕೇ ಸರಪಳಿ ಹಾಕಿ ಕಟ್ಟಿತ್ತು. ಪಾನ ಎತ್ತಿದರೆ ಕೀ ಬರಲೇಬೇಕು. ಅದರ ಜೋಡಿ ಕೀ ಆಫೀಸಿನಲ್ಲಿ, ನಂಬರ್ ಚೀಟಿ ರೈಟರ ಮೇಜಿನ ಗಾಜಿನ ಕೆಳಗೆ. ಪಂಕ್ಚರ್ ಅಂಗಡಿಯಲ್ಲಿ ಕೀ ನನ್ನ ಕೈಯಿಂದಲೇ ಹೋಗಿ ನನ್ನ ಕೈಗೇ ಬರಬೇಕು, ಅದಾದ ಮೇಲೆಯೇ ಲಾರಿ ಸ್ಟಾರ್ಟ್. ಹುಡುಗರೇ, ನೀವೂ ಹಾಗೇ ಮಾಡಿ. ಗನ್ ಹಾಕಲು ಮಾತ್ರ ಯಾವನಿಗೂ ಬಿಡಬೇಡಿ.

ಹುತ್ತರಿಯ ಆ ಮಧ್ಯಾಹ್ನ ಅಮ್ಮ ಗೊಂಚಲನ್ನು ತಕ್ಷಣ ಸಿಕ್ಕಿಸಿಕೊಳ್ಳಲಿಲ್ಲ. ಮೊದಲು ಒಂದೊಂದು ಕೀಯನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಕೊಂಡಿಯನ್ನು ಸೊಂಟಕ್ಕೆ ಹಾಕಿ ಎದ್ದರು. ವರಾಂಡದ ಉದ್ದಕ್ಕೂ ಆ ಸದ್ದು ಹೋಯಿತು. ಕಟ್ಟೆಯ ಮೇಲೆ ಕೂತಿದ್ದ ರೈಟರು ಎದ್ದು ನಿಂತರು. ಅಮ್ಮ ಅಕ್ಕಿಯ ಕೋಣೆಯೊಳಗೆ ಹೋಗಿ ಹುತ್ತರಿ ಗೆಣಸಿನ ಬುಟ್ಟಿ ಹೊರಗಿಟ್ಟು, ಬಾಗಿಲು ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು. ತಿರುಗಿದವರು ನನ್ನನ್ನು ಕಂಡರು.

"ಎಂತ ಪುಟ್ಟರಾಜು, ಬಾಯಿ 'ಆ' ಮಾಡ್ಕೊಂಡು ನಿಂತದ್ದು? ಹಬ್ಬದ ದಿನ ಲಾರಿ ಆ ಕೆಸರಲ್ಲೇ ನಿಲ್ಬೇಕಾ? ಹೋಗಿ ತೊಳಿ!"

ಬೈಸಿಕೊಂಡು ಅಷ್ಟು ಸಂತೋಷದಿಂದ ನಾನು ಯಾವತ್ತೂ ಲಾರಿ ತೊಳೆದಿಲ್ಲ.